ಹಿಮ್ಮಡಿ ನೋವು: ನೀವುವಿಕೆ, ಎಳೆತದ ವ್ಯಾಯಾಮ ಮತ್ತು ಒಳಅಟ್ಟೆಗಳನ್ನು ಯಾವ ಕ್ರಮದಲ್ಲಿ ಬಳಸಬೇಕು

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಾಲೂರಿದೊಡನೆ ಹಿಮ್ಮಡಿಯ ತಳದಲ್ಲಿ ಮುಳ್ಳು ಚುಚ್ಚಿದಂತಾಗುವುದು, ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಅದು ಸಡಿಲವಾಗುವುದು, ಬಹಳ ಹೊತ್ತು ಕುಳಿತು ಎದ್ದಾಗ ಮರುಕಳಿಸುವುದು, ಸಂಜೆಯ ಹೊತ್ತಿಗೆ ಮಂದ ನೋವಾಗಿ ಉಳಿಯುವುದು: ಈ ಲಕ್ಷಣಗಳು ಒಟ್ಟಾಗಿ ಕಂಡುಬಂದರೆ ಅದು ಬಹುಪಾಲು ವೈದ್ಯರು ಪ್ಲಾಂಟರ್ ಫೇಶಿಯೈಟಿಸ್ ಎಂದು ಕರೆಯುವ ತೊಂದರೆಯೇ ಆಗಿರುತ್ತದೆ. ಸರಿಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಇದು ಬರುತ್ತದೆ. 40ರಿಂದ 60 ವರ್ಷದವರಲ್ಲಿ, ದಿನವಿಡೀ ನಿಂತು ಕೆಲಸ ಮಾಡುವ ಶಿಕ್ಷಕರು, ನರ್ಸ್‌ಗಳು, ಸಂಚಾರ ಪೊಲೀಸರು ಮತ್ತು ಅಂಗಡಿಯ ನೌಕರರಲ್ಲಿ, ತೂಕ ಹೆಚ್ಚಿರುವವರಲ್ಲಿ, ಟೈಲ್ಸ್ ಅಥವಾ ಗ್ರಾನೈಟ್ ನೆಲದ ಅಡುಗೆಮನೆಯಲ್ಲಿ ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲುವವರಲ್ಲಿ, ಹಾಗೆಯೇ ಓಟವನ್ನು ಏಕಾಏಕಿ ಹೆಚ್ಚಿಸಿಕೊಂಡ ಯುವಕರಲ್ಲಿ ಇದು ಹೆಚ್ಚು.

ಈ ನೋವಿಗೆ ಮದ್ದು ಹೇಳುವವರಿಗೇನೂ ಕೊರತೆಯಿಲ್ಲ. ಒಬ್ಬರು ಎಣ್ಣೆ ತಿಕ್ಕಲು ಹೇಳಿದರೆ ಇನ್ನೊಬ್ಬರು ಮೆತ್ತನೆಯ ಚಪ್ಪಲಿ ಕೊಳ್ಳಲು ಹೇಳುತ್ತಾರೆ, ಮತ್ತೊಬ್ಬರು ಅಳತೆ ಕೊಟ್ಟು ಮಾಡಿಸುವ ದುಬಾರಿ ಒಳಅಟ್ಟೆಯನ್ನು ಸೂಚಿಸುತ್ತಾರೆ. ಇವೆಲ್ಲಕ್ಕೂ ಅವುಗಳದೇ ಆದ ಸ್ಥಾನವಿದೆ. ಆದರೆ ಹೆಚ್ಚಿನವರು ಕೊನೆಯಲ್ಲಿ ಮಾಡಬೇಕಾದುದನ್ನು ಮೊದಲು ಮಾಡಿ ಹಣ ಕಳೆದುಕೊಳ್ಳುತ್ತಾರೆ, ಮೊದಲೇ ಮಾಡಬೇಕಾದುದನ್ನು ಎರಡು ವಾರ ಮಾಡಿ ಬಿಟ್ಟುಬಿಡುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ಕ್ರಮಕ್ಕೆ ಹೆಚ್ಚಿನ ಒತ್ತು ಕೊಡಲಾಗಿದೆ.

ಒಳಗೆ ಆಗಿರುವುದೇನು

ಹಿಮ್ಮಡಿಯ ಮೂಳೆಯ ತಳದ ಒಳಬದಿಯಿಂದ ಹೊರಟು ಐದೂ ಬೆರಳುಗಳ ಬುಡದವರೆಗೆ ಹರಡಿರುವ ದಪ್ಪನೆಯ ನಾರಿನ ಪಟ್ಟಿಯೊಂದು ಅಂಗಾಲಿನಲ್ಲಿದೆ. ಪಾದದ ಕಮಾನು ಕುಸಿಯದಂತೆ ಹಿಡಿದಿಡುವುದರಲ್ಲಿ ಅದರ ಪಾತ್ರ ದೊಡ್ಡದು. ನಡೆಯುವಾಗ ಹಿಮ್ಮಡಿ ಮೇಲೆದ್ದು ಬೆರಳುಗಳು ಹಿಂದಕ್ಕೆ ಬಾಗಿದಾಗ, ಬಾವಿಯ ರಾಟೆಗೆ ಹಗ್ಗ ಸುತ್ತಿಕೊಂಡು ಬಿಗಿಯಾಗುವಂತೆ, ಈ ಪಟ್ಟಿ ಬೆರಳ ಬುಡದ ಸುತ್ತ ಬಿಗಿದು ಕಮಾನನ್ನು ಮೇಲೆತ್ತುತ್ತದೆ. ಪ್ರತಿ ಹೆಜ್ಜೆಗೂ ಈ ಎಳೆತ ಬೀಳುವುದು ಪಟ್ಟಿಯು ಮೂಳೆಗೆ ಅಂಟಿಕೊಂಡಿರುವ ಜಾಗದ ಮೇಲೆ. ಎಳೆತವು ಅದರ ಶಕ್ತಿಯನ್ನು ಮೀರಿ ತಿಂಗಳುಗಟ್ಟಲೆ ಮುಂದುವರಿದರೆ ಆ ಜಾಗದ ನಾರುಗಳು ದುರ್ಬಲಗೊಂಡು ದಪ್ಪವಾಗುತ್ತವೆ. ಸಾಮಾನ್ಯವಾಗಿ 4 ಮಿಲಿಮೀಟರಿಗಿಂತ ತೆಳುವಾಗಿರುವ ಪಟ್ಟಿ ಅಲ್ಟ್ರಾಸೌಂಡ್‌ನಲ್ಲಿ ಅದಕ್ಕಿಂತ ದಪ್ಪವಾಗಿ ಕಾಣುತ್ತದೆ.

ಹೆಸರಿನಲ್ಲಿ ಉರಿಯೂತದ ಅರ್ಥವಿದ್ದರೂ, ಶಸ್ತ್ರಚಿಕಿತ್ಸೆಯ ವೇಳೆ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಹೆಚ್ಚಾಗಿ ಸವೆತ ಮತ್ತು ನಾರುಗಳ ಶಿಥಿಲತೆ. ಉರಿಯೂತ ತಗ್ಗಿಸುವ ಮಾತ್ರೆಗಳು ಕೆಲವು ದಿನ ಹಿತ ಕೊಟ್ಟರೂ ರೋಗವನ್ನು ನೀಗದಿರುವುದಕ್ಕೆ ಇದೇ ಕಾರಣ. ಸವೆದ ನಾರು ಮತ್ತೆ ಗಟ್ಟಿಯಾಗಬೇಕಾದರೆ ಅದರ ಮೇಲೆ ಬೀಳುವ ಹೊರೆಯನ್ನು ಮೊದಲು ತಗ್ಗಿಸಬೇಕು, ಅನಂತರ ಅಳತೆಯಾಗಿ ಹೆಚ್ಚಿಸಬೇಕು. ಸಂಪೂರ್ಣ ವಿಶ್ರಾಂತಿಯಿಂದ ನೋವು ಇಳಿಯುತ್ತದೆಯೇ ಹೊರತು ನಾರಿಗೆ ಬಲ ಬರುವುದಿಲ್ಲ. ಓಡಾಟ ಶುರುವಾದ ಕೂಡಲೇ ನೋವು ಹಿಂತಿರುಗುತ್ತದೆ.

ಎಕ್ಸ್‌ರೇಯಲ್ಲಿ ಹಿಮ್ಮಡಿಯ ತಳದಲ್ಲಿ ಕೊಕ್ಕಿನಂತೆ ಚಾಚಿದ ಮೂಳೆ ಕಂಡು ಗಾಬರಿಯಾಗುವವರು ಬಹಳ. ‘ಮೂಳೆ ಬೆಳೆದಿದೆ’ ಎಂಬ ಮಾತನ್ನು ಕೇಳಿ ಅದನ್ನು ಕತ್ತರಿಸದೆ ಬೇರೆ ದಾರಿಯಿಲ್ಲವೆಂದು ತಿಳಿಯುತ್ತಾರೆ. ಎಳ್ಳಷ್ಟೂ ನೋವಿಲ್ಲದ ಅನೇಕರ ಹಿಮ್ಮಡಿಯಲ್ಲೂ ಇಂಥ ಚಾಚಿಕೆ ಇರುತ್ತದೆ, ತೀವ್ರ ನೋವಿರುವ ಅನೇಕರಲ್ಲಿ ಅದು ಇರುವುದಿಲ್ಲ. ನೋವು ವಾಸಿಯಾದ ಮೇಲೂ ಆ ಚಾಚಿಕೆ ಇದ್ದಲ್ಲೇ ಇರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮುಂದುವರಿಯಬಹುದು.

ಇದೇ ನೋವೇ ಎಂದು ನೋಡಿಕೊಳ್ಳುವುದು

ಕುಳಿತು ನೋಯುವ ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಳ್ಳಿ. ಅಂಗಾಲಿನ ಕಮಾನು ಮುಗಿದು ಹಿಮ್ಮಡಿ ಆರಂಭವಾಗುವ ಕಡೆ, ಒಳಬದಿಗೆ ಸರಿದಂತೆ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ನಿಮ್ಮ ಬೆಳಗಿನ ನೋವು ಅಲ್ಲೇ ಎದ್ದುಬಂದರೆ, ಮತ್ತು ಕಾಲಿನ ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿ ಒತ್ತಿದಾಗ ಅದು ಇನ್ನಷ್ಟು ಹೆಚ್ಚಿದರೆ, ಈ ಲೇಖನದ ಕ್ರಮ ನಿಮಗೆ ಅನ್ವಯಿಸುತ್ತದೆ.

ಬೇರೆ ಕಡೆ ನೋಯುತ್ತಿದ್ದರೆ ಕಾರಣವೂ ಬೇರೆ. ಹಿಮ್ಮಡಿಯ ಹಿಂಬದಿಯಲ್ಲಿ, ಶೂವಿನ ಅಂಚು ತಾಗುವಲ್ಲಿ ನೋವಿದ್ದರೆ ಅದು ಮೀನಖಂಡದಿಂದ ಇಳಿದುಬರುವ ಸ್ನಾಯುರಜ್ಜುವಿನ ತೊಂದರೆ. ಹಿಮ್ಮಡಿಯ ನಟ್ಟನಡುವೆ ಜಜ್ಜಿದಂತೆ ನೋಯುತ್ತಿದ್ದು, ಗಟ್ಟಿ ನೆಲದಲ್ಲಿ ಹೆಚ್ಚಿ ಮೆತ್ತನೆಯ ಹಾಸಿನ ಮೇಲೆ ಇಲ್ಲವೆನ್ನುವಷ್ಟು ಕಡಿಮೆಯಾದರೆ ಅಲ್ಲಿನ ಕೊಬ್ಬಿನ ಮೆತ್ತೆ ತೆಳುವಾಗಿರಬಹುದು. ವಯಸ್ಸಾದವರಲ್ಲಿ ಇದು ಸಾಮಾನ್ಯ. ಉರಿ, ಜುಮುಗುಡುವಿಕೆ, ಮರಗಟ್ಟುವಿಕೆ ಇದ್ದರೆ ಪಾದದ ನರ ಒತ್ತಿಕೊಂಡಿರಬಹುದು, ಇಲ್ಲವೇ ಸೊಂಟದಿಂದ ಇಳಿದ ನರದ ನೋವಿರಬಹುದು. ಎಂಟರಿಂದ ಹದಿನಾಲ್ಕು ವರ್ಷದೊಳಗಿನ, ಚೆನ್ನಾಗಿ ಆಡಿಕೊಂಡಿರುವ ಮಕ್ಕಳಿಗೆ ಬರುವ ಹಿಮ್ಮಡಿ ನೋವು ಸಾಮಾನ್ಯವಾಗಿ ಬೆಳೆಯುವ ಮೂಳೆಯ ಅಂಚಿನದು. ಅವರಿಗೆ ಇಲ್ಲಿ ಹೇಳಿರುವ ಭಾರದ ವ್ಯಾಯಾಮಗಳನ್ನು ಮಾಡಿಸಬಾರದು.

ಮನೆಯ ಆರೈಕೆಯನ್ನು ಆರಂಭಿಸದೆ ನೇರವಾಗಿ ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳೂ ಇವೆ. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಗಳ ನಡುವೆ ಹಿಂಡಿದಾಗ ತೀವ್ರವಾಗಿ ನೋಯುತ್ತಿದ್ದರೆ, ಅದರಲ್ಲೂ ಇತ್ತೀಚೆಗೆ ಓಟ ಅಥವಾ ನಡಿಗೆ ಹೆಚ್ಚಿಸಿದ್ದರೆ, ಮೂಳೆಯಲ್ಲಿ ಸೂಕ್ಷ್ಮ ಬಿರುಕು ಇರುವ ಸಾಧ್ಯತೆಯಿದೆ. ಎತ್ತರದಿಂದ ಬಿದ್ದ ಮೇಲೆ ಬಂದ ನೋವು, ಮಲಗಿದಾಗಲೂ ಬಿಡದ ನೋವು, ಜ್ವರ, ಪಾದ ಕೆಂಪಾಗಿ ಊದಿಕೊಳ್ಳುವುದು, ಓಡುವಾಗ ಪಟ್ಟೆಂದು ಏನೋ ಹರಿದಂತಾಗಿ ಅಂಗಾಲು ಕಪ್ಪಿಡುವುದು ಇವೆಲ್ಲವೂ ಅದೇ ಸಾಲಿಗೆ ಸೇರುತ್ತವೆ. ನಲವತ್ತರ ಒಳಗಿನವರಿಗೆ ಎರಡೂ ಹಿಮ್ಮಡಿಗಳು ಒಟ್ಟಿಗೆ ನೋಯುತ್ತಿದ್ದು, ಬೆಳಿಗ್ಗೆ ಬೆನ್ನು ಅರ್ಧ ಗಂಟೆಗೂ ಮೀರಿ ಬಿಗಿದುಕೊಂಡಿರುತ್ತಿದ್ದರೆ ಅದು ಕೀಲುವಾತದ ಒಂದು ಬಗೆಯಾಗಿರಬಹುದು; ಅದಕ್ಕೆ ರಕ್ತಪರೀಕ್ಷೆ ಬೇಕಾಗುತ್ತದೆ.

ಸಕ್ಕರೆ ಕಾಯಿಲೆ ಇರುವವರು ಒಂದು ಮಾತನ್ನು ಪ್ರತ್ಯೇಕವಾಗಿ ಗಮನಿಸಬೇಕು. ಪಾದದ ಸ್ಪರ್ಶ ಕುಂದಿದ್ದರೆ ಎಷ್ಟು ಒತ್ತಿದೆವು, ಎಷ್ಟು ಬಿಸಿ ತಾಗಿತು ಎಂಬುದು ತಿಳಿಯುವುದೇ ಇಲ್ಲ. ಅಂಥವರು ಕೆಳಗೆ ಹೇಳಿರುವ ಚೆಂಡಿನ ಒತ್ತಡ, ಶಾಖ, ಮಂಜುಗಡ್ಡೆ ಯಾವುದನ್ನೂ ತಾವಾಗಿಯೇ ಮಾಡಿಕೊಳ್ಳಬಾರದು.

ಮೊದಲ ವಾರ: ಹೊರೆ ತಗ್ಗಿಸುವುದು

ಹಣ ಖರ್ಚು ಮಾಡುವುದಾದರೆ ಮೊದಲು ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿಗೆ ಮಾಡಿ. ನಮ್ಮಲ್ಲಿ ಚಪ್ಪಲಿಯನ್ನು ಬಾಗಿಲಾಚೆ ಬಿಡುವ ಪದ್ಧತಿ ಇರುವುದರಿಂದ, ಹೊರಗೆ ಒಂದು ಗಂಟೆ ಒಳ್ಳೆಯ ಶೂ ತೊಟ್ಟವರೂ ಮನೆಯಲ್ಲಿ ಉಳಿದ ಹೊತ್ತೆಲ್ಲ ಕಲ್ಲುನೆಲದ ಮೇಲೆ ಬರಿಗಾಲಲ್ಲೇ ಇರುತ್ತಾರೆ. ಮನೆಯೊಳಗೆ ಮಾತ್ರ ಬಳಸುವ ಜೊತೆಯೊಂದನ್ನು ಪ್ರತ್ಯೇಕವಾಗಿಟ್ಟರೆ ಮಡಿ ಮೈಲಿಗೆಯ ತಕರಾರೂ ಇರುವುದಿಲ್ಲ. ಅದನ್ನು ಮಂಚದ ಪಕ್ಕದಲ್ಲೇ ಇಟ್ಟು, ಬೆಳಗಿನ ಮೊದಲ ಹೆಜ್ಜೆಯನ್ನೇ ಅದರ ಮೇಲೆ ಇಡಬೇಕು. ಒಲೆಯ ಮುಂದೆ, ಪಾತ್ರೆ ತೊಳೆಯುವಲ್ಲಿ ದಪ್ಪನೆಯ ರಬ್ಬರ್ ಚಾಪೆ ಹಾಸಿಕೊಳ್ಳುವುದು ಅಗ್ಗದ ಮತ್ತು ಒಳ್ಳೆಯ ಉಪಾಯ.

ಆ ಚಪ್ಪಲಿ ಹೇಗಿರಬೇಕು? ತೆಳ್ಳನೆಯ ಹವಾಯಿ ಚಪ್ಪಲಿ ಬೇಡ. ಅದು ಕಮಾನನ್ನು ಹಿಡಿಯುವುದಿಲ್ಲ, ಕಾಲಿನಿಂದ ಜಾರದಿರಲೆಂದು ಬೆರಳುಗಳು ಪ್ರತಿ ಹೆಜ್ಜೆಗೂ ಅದನ್ನು ಕಚ್ಚಿ ಹಿಡಿಯಬೇಕಾಗುತ್ತದೆ. ಹಿಮ್ಮಡಿಯ ಭಾಗ ಮುಂಭಾಗಕ್ಕಿಂತ ಒಂದೆರಡು ಸೆಂಟಿಮೀಟರ್ ಎತ್ತರವಿರಬೇಕು, ಕಮಾನಿನ ಕೆಳಗೆ ಸ್ವಲ್ಪ ಉಬ್ಬಿರಬೇಕು, ಹಿಂದೆ ಪಟ್ಟಿಯಿದ್ದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಮಾತ್ರ ಮಡಚಬೇಕು; ನಡುವೆ ಮಡಚಿದರೆ ಅಥವಾ ಸಲೀಸಾಗಿ ತಿರುಚಿಕೊಂಡರೆ ಅದನ್ನು ಅಂಗಡಿಯಲ್ಲೇ ಬಿಡಿ.

ಎಂ.ಸಿ.ಆರ್. ಚಪ್ಪಲಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೂಕ್ಷ್ಮ ಗಾಳಿಗುಳ್ಳೆಗಳಿರುವ ಈ ರಬ್ಬರ್ ಅಟ್ಟೆ ಕುಷ್ಠರೋಗ ಮತ್ತು ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದಗಳಲ್ಲಿ ಹುಣ್ಣಾಗದಂತೆ ಒತ್ತಡವನ್ನು ಹರಡಲು ಬಳಕೆಗೆ ಬಂದದ್ದು. ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾದವರಿಗೆ ಅದು ತಕ್ಕುದು. ನಾರಿನ ಪಟ್ಟಿಯ ನೋವಿಗೆ ಮೆತ್ತಗಿರುವುದೊಂದೇ ಸಾಲದು, ಕಮಾನಿಗೆ ಆಸರೆಯೂ ಬೇಕು. ಆದ್ದರಿಂದ ಸಪಾಟಾದ ಎಂ.ಸಿ.ಆರ್. ಗಿಂತ ಕಮಾನಿನ ಉಬ್ಬಿರುವ ಮಾದರಿಯನ್ನೇ ಕೇಳಿ ಪಡೆಯಿರಿ. ವರ್ಷಾನುಗಟ್ಟಲೆ ಬಳಸಿ ಹಿಮ್ಮಡಿಯ ಕಡೆ ಅಪ್ಪಚ್ಚಿಯಾದ ಜೊತೆಯಿಂದ ಏನೂ ಉಪಯೋಗವಿಲ್ಲ.

ನಡಿಗೆಯನ್ನು ಪೂರ್ತಿ ನಿಲ್ಲಿಸಬೇಕಿಲ್ಲ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದುಕೊಂಡು, ನಡೆಯುವಾಗ ಮೂರು ನಾಲ್ಕನ್ನು ಮೀರದಷ್ಟು ದೂರಕ್ಕೆ ಇಳಿಸಿ. ಮರುದಿನ ಬೆಳಗಿನ ಮೊದಲ ಹೆಜ್ಜೆಯ ನೋವು ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ಇನ್ನೂ ಇಳಿಸಬೇಕು. ಮುಂದಿನ ಎಲ್ಲ ಹಂತಗಳಿಗೂ ಈ ಬೆಳಗಿನ ನೋವೇ ಅಳತೆಗೋಲು. ದೇಹದ ಚಟುವಟಿಕೆ ತಪ್ಪದಿರಲೆಂದು ಸೈಕಲ್ ಅಥವಾ ಈಜನ್ನು ಆರಿಸಿಕೊಳ್ಳಬಹುದು.

ಹಾಸಿಗೆಯಿಂದ ಇಳಿಯುವ ಮುನ್ನ

ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಚಾಚಿಕೊಂಡು ಅಂಗಾಲಿನ ಪಟ್ಟಿ ಮತ್ತು ಮೀನಖಂಡ ಎರಡೂ ಮುದುಡಿಕೊಂಡಿರುತ್ತವೆ. ಹಾಗೆಯೇ ಎದ್ದು ಇಡೀ ದೇಹದ ಭಾರವನ್ನು ಹಾಕಿದಾಗ ನೋವು ಬರುವುದು ಸಹಜ. ಈ ಹೊತ್ತಿಗೆಂದೇ ರೂಪಿಸಿದ ಎಳೆತವೊಂದನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ದೀರ್ಘಕಾಲದಿಂದ ಹಿಮ್ಮಡಿ ನೋವಿದ್ದವರಲ್ಲಿ, ಎಂಟು ವಾರಗಳ ಬಳಿಕ, ಬರೀ ಮೀನಖಂಡದ ಎಳೆತಕ್ಕಿಂತ ಇದು ಹೆಚ್ಚು ಫಲ ಕೊಟ್ಟಿತ್ತು. ಎಲ್ಲ ವ್ಯಾಯಾಮಗಳಲ್ಲಿ ಒಂದನ್ನೇ ಮಾಡುವೆನೆಂದು ಯಾರಾದರೂ ಹಟ ಹಿಡಿದರೆ ನಾನು ಸೂಚಿಸುವುದು ಇದನ್ನೇ.

ಮಂಚದ ಅಂಚಿನಲ್ಲಿ ಕುಳಿತು ನೋಯುವ ಪಾದವನ್ನು ಇನ್ನೊಂದು ತೊಡೆಯ ಮೇಲಿಡಿ. ನೋಯುವ ಪಾದದ ಬದಿಯ ಕೈಯಿಂದ ಅದರ ಐದೂ ಬೆರಳುಗಳನ್ನು ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ತುದಿಯನ್ನು ಹಿಡಿದೆಳೆದರೆ ಬೆರಳ ಗೆಣ್ಣು ಮಾತ್ರ ಬಾಗುತ್ತದೆ, ಅಂಗಾಲು ಎಳೆಯುವುದಿಲ್ಲ. ಸರಿಯಾಗಿ ಎಳೆದಾಗ ಇನ್ನೊಂದು ಕೈಯ ಹೆಬ್ಬೆರಳಿಗೆ ಕಮಾನಿನ ನಡುವೆ ಪಟ್ಟಿ ತಂತಿಯಂತೆ ಬಿಗಿದಿರುವುದು ತಿಳಿಯುತ್ತದೆ. ಹತ್ತು ಸೆಕೆಂಡ್ ಹಿಡಿದು ಬಿಡಿ. ಹೀಗೆ ಹತ್ತು ಬಾರಿ. ದಿನಕ್ಕೆ ಮೂರು ಸಲ ಮಾಡಬೇಕು, ಅದರಲ್ಲಿ ಮೊದಲನೆಯದು ನೆಲಕ್ಕೆ ಕಾಲಿಡುವ ಮುನ್ನವೇ ಆಗಬೇಕು. ಉಳಿದೆರಡನ್ನು ಬಹಳ ಹೊತ್ತು ಕುಳಿತು ಏಳುವ ಸಮಯಕ್ಕೆ ಹೊಂದಿಸಿಕೊಳ್ಳಿ: ಊಟದ ಬಳಿಕ, ಬಸ್ಸಿನಿಂದ ಇಳಿಯುವ ಮುನ್ನ, ಕಚೇರಿಯ ಕುರ್ಚಿಯಿಂದ ಏಳುವ ಮುನ್ನ. ಮೊಣಕಾಲು ನೋವಿನಿಂದ ಕಾಲು ಮಡಚಲಾಗದವರು ಕಾಲು ಚಾಚಿ ಕುಳಿತು, ಬೆರಳುಗಳ ಬುಡಕ್ಕೆ ಟವೆಲ್ ಹಾಕಿ ತಮ್ಮತ್ತ ಎಳೆದುಕೊಳ್ಳಬಹುದು.

ಇದರ ಜೊತೆಗೆ ಮೀನಖಂಡವನ್ನೂ ಬಿಡುವಂತಿಲ್ಲ. ಪಾದ ಹರಡಿನ ಬಳಿ ಸಾಕಷ್ಟು ಮೇಲಕ್ಕೆ ಬಾಗದಿರುವುದು ಈ ನೋವಿನ ಪ್ರಮುಖ ಕಾರಣಗಳಲ್ಲೊಂದು. ಗೋಡೆಯ ಎದುರು ನಿಂತು, ಹಿಮ್ಮಡಿ ನೆಲ ಬಿಡದಂತೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಲು ನೋಡಿ. ಪಾದವನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸುತ್ತಾ ಎಷ್ಟು ದೂರದವರೆಗೆ ಮುಟ್ಟುತ್ತದೆಂದು ಎರಡೂ ಕಾಲುಗಳಲ್ಲಿ ಅಳೆಯಿರಿ. ನೋಯುವ ಕಾಲಿನ ಅಳತೆ ಕಡಿಮೆ ಬಂದರೆ ಕೆಲಸ ಎಲ್ಲಿ ಆಗಬೇಕೆಂದು ಗೊತ್ತಾದಂತೆ. ಎಳೆತಕ್ಕಾಗಿ ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಿಟ್ಟು, ಮೊಣಕಾಲು ನೇರವಾಗಿರಿಸಿ ಅರ್ಧ ನಿಮಿಷ, ಅನಂತರ ಹಿಂದಿನ ಮೊಣಕಾಲನ್ನು ತುಸು ಬಗ್ಗಿಸಿ ಇನ್ನೊಂದು ಅರ್ಧ ನಿಮಿಷ ನಿಲ್ಲಬೇಕು. ನೇರ ಮೊಣಕಾಲು ಮೇಲ್ಪದರದ ಸ್ನಾಯುವನ್ನೂ, ಬಗ್ಗಿದ ಮೊಣಕಾಲು ಒಳಪದರದ್ದನ್ನೂ ಎಳೆಯುವುದರಿಂದ ಎರಡೂ ಬೇಕು. ಪಾದದ ಬೆರಳುಗಳು ಹೊರಕ್ಕೆ ತಿರುಗದೆ ಗೋಡೆಯತ್ತಲೇ ನೆಟ್ಟಿರಲಿ. ತಿರುಗಿದರೆ ಕಮಾನು ಕುಸಿದು, ಎಳೆತವೆಲ್ಲ ನೋಯುವ ಜಾಗದ ಮೇಲೇ ಬೀಳುತ್ತದೆ.

ಕೈಯಿಂದ ನೀವುವ ಕ್ರಮ

ಹಿಮ್ಮಡಿ ನೋಯುತ್ತದೆಂದು ಹಿಮ್ಮಡಿಯನ್ನೇ ಬಲವಾಗಿ ತಿಕ್ಕುವುದು ಸಾಮಾನ್ಯ. ಆದರೆ ಸವೆದು ಸೂಕ್ಷ್ಮವಾಗಿರುವ ಜಾಗವದು, ಅದರ ಕೆಳಗಿರುವುದು ಮೂಳೆ. ಅಲ್ಲಿ ಜೋರಾಗಿ ಒತ್ತಿದರೆ ಮರುದಿನ ಹೆಚ್ಚು ಕುಂಟಬೇಕಾಗುತ್ತದೆ. ನೀವುವುದನ್ನು ಮೇಲಿನಿಂದ, ಅಂದರೆ ಮೀನಖಂಡದಿಂದ ಆರಂಭಿಸಬೇಕು. ಮೀನಖಂಡದ ಗಂಟುಗಳನ್ನು ಕೈಯಿಂದ ಒತ್ತಿ ಸಡಿಲಿಸುವುದನ್ನು ಎಳೆತದ ವ್ಯಾಯಾಮಕ್ಕೆ ಸೇರಿಸಿದಾಗ, ಬರೀ ವ್ಯಾಯಾಮಕ್ಕಿಂತ ನೋವು ಹೆಚ್ಚು ಇಳಿದದ್ದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ಅದೊಂದು ಚಿಕ್ಕ ಅಧ್ಯಯನ, ಒಂದು ತಿಂಗಳ ಅವಧಿಯದು. ಆದರೂ ಹಾನಿಯಿಲ್ಲದ, ಖರ್ಚಿಲ್ಲದ ಕ್ರಮವಾದ್ದರಿಂದ ಮಾಡಿ ನೋಡಲು ಅಡ್ಡಿಯಿಲ್ಲ.

ಸ್ನಾನಕ್ಕೆ ಮುಂಚೆ ಅಥವಾ ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಸಾಕು. ಬೆಚ್ಚಗಿನ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯನ್ನು ಕೈ ಜಾರುವಷ್ಟು ಮಾತ್ರ ಹಚ್ಚಿಕೊಳ್ಳಿ. ಎಣ್ಣೆ ಯಾವುದು ಎಂಬುದಕ್ಕಿಂತ ಕೈ ಹೇಗೆ ಆಡುತ್ತದೆ ಎಂಬುದು ಮುಖ್ಯ. ಕುರ್ಚಿಯಲ್ಲಿ ಕುಳಿತು ಹರಡಿನಿಂದ ಮಂಡಿಯ ಹಿಂಭಾಗದವರೆಗೆ ಎರಡೂ ಹೆಬ್ಬೆರಳುಗಳಿಂದ ನಿಧಾನವಾಗಿ ಮೇಲಕ್ಕೆ ನೀವಿ. ದಾರಿಯಲ್ಲಿ ಗಟ್ಟಿಯಾದ, ಒತ್ತಿದರೆ ಆಳಕ್ಕೆ ನೋಯುವ ಚುಕ್ಕೆಗಳು ಸಿಗುತ್ತವೆ. ಮೀನಖಂಡದ ಒಳಬದಿಯ ಮೇಲುಭಾಗದಲ್ಲಿ ಅವು ಹೆಚ್ಚು. ಅಂಥ ಚುಕ್ಕೆಯ ಮೇಲೆ ಸಹಿಸಬಹುದಾದಷ್ಟು ಒತ್ತಿ, ಬೆರಳನ್ನು ಆಡಿಸದೆ, ಉಸಿರು ಬಿಗಿಹಿಡಿಯದೆ ಅರ್ಧದಿಂದ ಒಂದು ನಿಮಿಷ ಹಿಡಿದಿರಿ. ನೋವು ತಾನಾಗಿ ಕರಗುತ್ತಾ ಬಂದರೆ ಒತ್ತಡ ಸರಿಯಿದೆ. ಏರುತ್ತಾ ಹೋದರೆ ಕಡಿಮೆ ಮಾಡಿ. ಎರಡು ಮೂರು ಚುಕ್ಕೆಗಳನ್ನು ಹೀಗೆ ಸಡಿಲಿಸಿದರೆ ಆ ದಿನಕ್ಕೆ ಸಾಕು.

ಅನಂತರ ಅಂಗಾಲಿಗೆ ಬನ್ನಿ. ಒಂದು ಕೈಯಿಂದ ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ಪಟ್ಟಿಯನ್ನು ಬಿಗಿಗೊಳಿಸಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಬೆರಳುಗಳ ಬುಡದಿಂದ ಹಿಮ್ಮಡಿಯ ಕಡೆಗೆ ನಿಧಾನವಾಗಿ ಜಾರಿಸಿ. ಆಮೇಲೆ ಪಟ್ಟಿಗೆ ಅಡ್ಡಲಾಗಿ, ಒಳ ಅಂಚಿನಿಂದ ಹೊರ ಅಂಚಿಗೆ, ಚಿಕ್ಕ ಚಿಕ್ಕ ನೀವುಗಳನ್ನು ಕೊಡಿ. ಮೂಳೆಯ ಅಂಚಿನ ಆ ನೋಯುವ ಬಿಂದುವಿಗೆ ಎರಡು ಬೆರಳು ದೂರದಲ್ಲೇ ನಿಲ್ಲಿಸಬೇಕು. ಪಾದದ ಒಳ ಅಂಚಿನುದ್ದಕ್ಕೂ ಹೆಬ್ಬೆರಳ ಕಡೆಗೆ ಸಾಗುವ ಸ್ನಾಯು ಅನೇಕರಲ್ಲಿ ಹುರಿಗಟ್ಟಿರುತ್ತದೆ. ಅದನ್ನೂ ಮೀನಖಂಡದ ಹಾಗೆ ಒತ್ತಿ ಹಿಡಿಯಬಹುದು. ಕೊನೆಯಲ್ಲಿ ಬೆರಳುಗಳ ನಡುವೆ ಕೈಬೆರಳುಗಳನ್ನು ಹೆಣೆದು ಪಾದದ ಮುಂಭಾಗವನ್ನು ಎರಡೂ ಕಡೆಗೆ ತಿರುಗಿಸಿ.

ಕೈ ಸೋಲುವವರು ಟೆನಿಸ್ ಚೆಂಡು, ಲಟ್ಟಣಿಗೆ ಅಥವಾ ನೀರು ತುಂಬಿ ಫ್ರೀಜರಿನಲ್ಲಿಟ್ಟ ಪ್ಲಾಸ್ಟಿಕ್ ಬಾಟಲಿಯನ್ನು ಬಳಸಬಹುದು. ಕುಳಿತೇ ಉರುಳಿಸಬೇಕು, ನಿಂತು ಪೂರ್ತಿ ಭಾರ ಹಾಕಿದರೆ ಒತ್ತಡ ಕೈಮೀರುತ್ತದೆ, ಜಾರಿ ಬೀಳುವ ಅಪಾಯ ಬೇರೆ. ನೀವಿದ ಕೂಡಲೇ ಹಿಂದೆ ಹೇಳಿದ ಎಳೆತವನ್ನು ಮಾಡಿಬಿಡಿ. ನೀವುವಿಕೆಯ ಹಿತ ಕೆಲವು ಗಂಟೆಗಳದು. ಆ ಅವಧಿಯಲ್ಲಿ ವ್ಯಾಯಾಮ ಸುಲಭವಾಗುತ್ತದೆ ಎಂಬುದೇ ಅದರ ದೊಡ್ಡ ಪ್ರಯೋಜನ ಎಂದು ನನ್ನ ಅಭಿಪ್ರಾಯ.

ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ನೀವಲೇಬಾರದು. ರಕ್ತನಾಳದಲ್ಲಿ ಹೆಪ್ಪು ಇರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮತ್ತು ಉಬ್ಬಿದ ರಕ್ತನಾಳಗಳಿರುವವರು ವೈದ್ಯರನ್ನು ಕೇಳದೆ ಆಳವಾದ ಒತ್ತಡ ಕೊಡಬಾರದು.

ಶಾಖ, ಎಕ್ಕದ ಎಲೆ, ಮಂಜುಗಡ್ಡೆ

ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯನ್ನಿಟ್ಟು ಹಿಮ್ಮಡಿಯೂರುವುದು ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಇರುವ ಪದ್ಧತಿ. ಆಯುರ್ವೇದದಲ್ಲಿ ಹಿಮ್ಮಡಿಯ ಇಂಥ ನೋವಿಗೆ ವಾತಕಂಟಕವೆಂಬ ಹೆಸರಿದ್ದು, ಅಲ್ಲೂ ಶಾಖಕ್ಕೆ ಸ್ಥಾನವಿದೆ. ಶಾಖದಿಂದ ಬಿಗುವು ಸಡಿಲಗೊಂಡು ಸ್ವಲ್ಪ ಹೊತ್ತು ಆರಾಮವೆನಿಸುವುದು ನಿಜ. ಆದರೆ ಇಟ್ಟಿಗೆಯ ಬಿಸಿಯನ್ನು ಅಳೆಯುವುದು ಕಷ್ಟ, ಎಕ್ಕದ ಹಾಲು ಚರ್ಮವನ್ನು ಕೆರಳಿಸುತ್ತದೆ, ಕಣ್ಣಿಗೆ ತಾಗಿದರೆ ಹಾನಿ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಮೀನಖಂಡಕ್ಕೂ ಕಮಾನಿಗೂ ಹತ್ತು ನಿಮಿಷ ಇಟ್ಟರೆ ಅದೇ ಹಿತ ಸಿಗುತ್ತದೆ. ದಿನವಿಡೀ ನಿಂತು ಬಂದ ಸಂಜೆ ಹಿಮ್ಮಡಿ ಸಿಡಿಯುತ್ತಿದ್ದರೆ ಬಟ್ಟೆ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು. ಎರಡೂ ನೋವು ಶಮನಕ್ಕಷ್ಟೇ.

ಮೂರನೆಯ ವಾರದಿಂದ: ಬಲಪಡಿಸುವುದು

ಬೆಳಗಿನ ನೋವು ಒಂದಿಷ್ಟು ಇಳಿದ ಮೇಲೆ ಭಾರದ ವ್ಯಾಯಾಮವನ್ನು ಆರಂಭಿಸಬೇಕು. ಬಹಳ ಜನ ಕೈಬಿಡುವ ಹಂತ ಇದೇ. ನೋವಿನ ಪಾದಕ್ಕೆ ಭಾರ ಹಾಕುವುದೆಂದರೆ ಭಯವಾಗುವುದು ಸಹಜ. ಡೆನ್ಮಾರ್ಕಿನ ಸಂಶೋಧಕರು ಪ್ರಯೋಗಿಸಿದ ಈ ಕ್ರಮದಲ್ಲಿ, ಬರೀ ಎಳೆತ ಮಾಡಿದವರಿಗಿಂತ ಮೂರು ತಿಂಗಳ ಹೊತ್ತಿಗೆ ಹೆಚ್ಚು ಸುಧಾರಣೆ ಕಂಡಿತು. ಒಂದು ವರ್ಷದ ವೇಳೆಗೆ ಎರಡೂ ಗುಂಪುಗಳು ಸಮನಾದವು. ಅಂದರೆ ಇದರಿಂದ ಗುಣವಾಗುವ ಹಾದಿ ಬೇಗ ಸವೆಯುತ್ತದೆ.

ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನಷ್ಟೇ ಊರಿ, ಬೆರಳುಗಳ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟುಕೊಳ್ಳಿ. ಬೆರಳುಗಳು ಹಿಂದಕ್ಕೆ ಬಾಗಿ ಪಟ್ಟಿ ಬಿಗಿಯಾಗುವುದು ಇದರ ಉದ್ದೇಶ. ಕಂಬಿ ಅಥವಾ ಗೋಡೆಯನ್ನು ಹಿಡಿದು, ಮೂರು ಸೆಕೆಂಡಿನಲ್ಲಿ ಹಿಮ್ಮಡಿಯನ್ನು ಮೇಲೆತ್ತಿ, ಎರಡು ಸೆಕೆಂಡ್ ಅಲ್ಲೇ ನಿಂತು, ಮೂರು ಸೆಕೆಂಡಿನಲ್ಲಿ ಇಳಿಸಿ. ಮೂಲ ಕ್ರಮದಲ್ಲಿ ಇದು ಒಂಟಿಕಾಲಿನದು. ಆಗದವರು ಎರಡೂ ಕಾಲಿನಿಂದ ಶುರುಮಾಡಿ ಒಂದಕ್ಕೆ ಬರಬಹುದು. ಹನ್ನೆರಡು ಬಾರಿಯಂತೆ ಮೂರು ಸರದಿ, ದಿನ ಬಿಟ್ಟು ದಿನ. ಎರಡು ವಾರದ ಮೇಲೆ ಬೆನ್ನುಚೀಲಕ್ಕೆ ಪುಸ್ತಕಗಳನ್ನು ತುಂಬಿಕೊಂಡು ಹತ್ತು ಬಾರಿಯಂತೆ ನಾಲ್ಕು ಸರದಿ, ಇನ್ನೆರಡು ವಾರದ ಮೇಲೆ ಚೀಲದ ತೂಕ ಹೆಚ್ಚಿಸಿ ಎಂಟು ಬಾರಿಯಂತೆ ಐದು ಸರದಿ. ಸರದಿಯ ಕೊನೆಯ ಬಾರಿಗೆ ಇನ್ನೊಂದು ಆಗದು ಎನ್ನಿಸುವಷ್ಟು ಭಾರ ಇರಬೇಕು. ಮಾಡುವಾಗ ತುಸು ನೋಯುವುದರಿಂದ ತೊಂದರೆಯಿಲ್ಲ. ಮರುದಿನದ ಬೆಳಗು ಕೆಟ್ಟರೆ ಹಿಂದಿನ ಹಂತಕ್ಕೆ ಇಳಿಯಿರಿ. ಮೂರು ತಿಂಗಳು ತಪ್ಪದೆ ನಡೆಯಬೇಕು.

ಒಳಅಟ್ಟೆಯ ಆಯ್ಕೆ

ಶೂ ಅಥವಾ ಚಪ್ಪಲಿಯೊಳಗೆ ಇಡುವ ಆಸರೆಗಳಲ್ಲಿ ಮೂರು ಬಗೆಗಳು ಸಿಗುತ್ತವೆ: ಔಷಧಿ ಅಂಗಡಿಯ ಸಿಲಿಕಾನ್ ಹೀಲ್ ಕಪ್, ಕಮಾನಿನ ಉಬ್ಬಿರುವ ಸಿದ್ಧ ಒಳಅಟ್ಟೆ, ಪಾದದ ಅಚ್ಚು ತೆಗೆದು ಮಾಡಿಸುವ ಒಳಅಟ್ಟೆ. ಮೊದಲನೆಯದು ಹಿಮ್ಮಡಿಯ ನಡುವಿನ ಜಜ್ಜು ನೋವಿಗೆ ಒಳ್ಳೆಯದು. ನಾರಿನ ಪಟ್ಟಿಯ ನೋವಿಗೆ ಎರಡನೆಯದರಿಂದ ಆರಂಭಿಸುವುದೇ ಸರಿ. ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವೊಂದು ಸಿದ್ಧ ಒಳಅಟ್ಟೆಯನ್ನೂ ಅಚ್ಚಿನದನ್ನೂ ಹೋಲಿಸಿ ನೋಡಿತು. ಎರಡರಿಂದಲೂ ಮೊದಲ ಕೆಲವು ತಿಂಗಳು ಅಲ್ಪಸ್ವಲ್ಪ ಅನುಕೂಲವಾಯಿತು, ಇವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ವರ್ಷದ ಕೊನೆಗೆ ಹೋಲಿಕೆಗೆಂದು ಆಸರೆಯಿಲ್ಲದ ಹುಸಿ ಅಟ್ಟೆ ಹಾಕಿದವರೂ ಅಷ್ಟೇ ಗುಣವಾಗಿದ್ದರು. ಪಾದದ ಆಕಾರವೇ ವಿಕಾರವಾಗಿರುವವರು, ಸಂಧಿವಾತದಿಂದ ಕೀಲುಗಳು ಕೆಟ್ಟವರು, ಸಕ್ಕರೆ ಕಾಯಿಲೆಯಿಂದ ಹುಣ್ಣಾಗುವ ಪಾದದವರು ಅಚ್ಚಿನ ಅಟ್ಟೆಯನ್ನು ಖಂಡಿತ ಮಾಡಿಸಿಕೊಳ್ಳಬೇಕು. ಉಳಿದವರು ಕಂಪ್ಯೂಟರಿನ ಬಣ್ಣಬಣ್ಣದ ಪಾದಚಿತ್ರ ನೋಡಿ ಆತುರಪಡಬೇಕಿಲ್ಲ.

ಸಿದ್ಧ ಒಳಅಟ್ಟೆ ಕೊಳ್ಳುವಾಗ ಕಮಾನಿನ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸ್ಪಂಜಿನಂತೆ ಪೂರ್ತಿ ಕುಸಿದರೆ ಅದು ದೇಹದ ಭಾರವನ್ನು ತಡೆಯದು, ಕಲ್ಲಿನಂತೆ ಕದಲದಿದ್ದರೆ ನಡೆಯಲು ಕಷ್ಟ. ಉಬ್ಬು ನಿಮ್ಮ ಕಮಾನಿನ ಕೆಳಗೇ ಬರಬೇಕು, ಹಿಮ್ಮಡಿಗೆ ಸರಿದಿದ್ದರೆ ನೋಯುವ ಜಾಗವನ್ನೇ ಒತ್ತುತ್ತದೆ. ಶೂವಿನ ಮೂಲ ಒಳಹಾಸನ್ನು ತೆಗೆದು ಅದರ ಜಾಗದಲ್ಲಿ ಇಡಿ, ಇಲ್ಲವಾದರೆ ಪಾದ ಮೇಲೆದ್ದು ಹಿಮ್ಮಡಿ ಶೂವಿನಿಂದ ಜಾರುತ್ತದೆ. ಮೊದಲ ದಿನ ಒಂದು ಗಂಟೆ ಧರಿಸಿ, ದಿನೇದಿನೇ ಹೆಚ್ಚಿಸುತ್ತಾ ವಾರದೊಳಗೆ ಇಡೀ ದಿನಕ್ಕೆ ಬನ್ನಿ. ಮೊಣಕಾಲು ಅಥವಾ ಸೊಂಟದಲ್ಲಿ ಹೊಸ ನೋವು ಹುಟ್ಟಿಕೊಂಡರೆ ತೆಗೆದುಬಿಡಿ. ಎರಡೂ ಪಾದಗಳಿಗೂ ಹಾಕಬೇಕು, ಒಂದೇ ಹಿಮ್ಮಡಿ ನೋಯುತ್ತಿದ್ದರೂ ಸಹ.

ಕೊಳ್ಳುವ ಮುನ್ನ ಫಿಸಿಯೋಥೆರಪಿಸ್ಟ್ ಬಳಿ ಅಂಗಾಲಿಗೆ ಅಂಟುಪಟ್ಟಿ ಹಾಕಿಸಿಕೊಂಡು ನೋಡುವುದು ಜಾಣತನ. ಕಮಾನನ್ನು ಎತ್ತಿಹಿಡಿಯುವಂತೆ ಹಾಕಿದ ಈ ಪಟ್ಟಿ ಕೆಲವು ದಿನ ನಿಲ್ಲುತ್ತದೆ. ಅಷ್ಟರಲ್ಲಿ ನೋವು ಕಡಿಮೆಯಾದರೆ ಒಳಅಟ್ಟೆಯಿಂದಲೂ ಪ್ರಯೋಜನವಾಗುವ ಸಂಭವ ಹೆಚ್ಚು. ಪಾದವನ್ನು ರಾತ್ರಿಯಿಡೀ ಲಂಬಕೋನದಲ್ಲಿ ಹಿಡಿದಿಡುವ ಸ್ಪ್ಲಿಂಟ್ ಎಂಬ ಸಾಧನವೂ ಇದೆ. ಆರು ತಿಂಗಳು ದಾಟಿದ ಹಳೆಯ ನೋವಿಗೆ, ಬೆಳಗಿನ ಹೆಜ್ಜೆಯೇ ಮುಖ್ಯ ಸಮಸ್ಯೆಯಾಗಿರುವವರಿಗೆ, ಒಂದರಿಂದ ಮೂರು ತಿಂಗಳು ಬಳಸಿದರೆ ಉಪಯೋಗವಾಗಬಹುದು; ಆದರೆ ಅದನ್ನು ಕಟ್ಟಿಕೊಂಡು ನಿದ್ದೆ ಮಾಡುವುದು, ಅದರಲ್ಲೂ ಬೇಸಿಗೆಯಲ್ಲಿ, ಎಲ್ಲರಿಂದಲೂ ಆಗುವುದಿಲ್ಲ.

ಎಷ್ಟು ಕಾಯಬೇಕು, ಆಮೇಲೇನು

ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ವರ್ಷದೊಳಗೆ ಗುಣವಾಗುತ್ತದೆ. ಸುಧಾರಣೆಯನ್ನು ದಿನದ ಲೆಕ್ಕದಲ್ಲಿ ನೋಡದೆ, ಬೆಳಗಿನ ನೋವಿಗೆ ಹತ್ತರಲ್ಲಿ ಎಷ್ಟೆಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟು ವಾರದಿಂದ ವಾರಕ್ಕೆ ಹೋಲಿಸಿ. ಆರರಿಂದ ಎಂಟು ವಾರ ಸರಿಯಾಗಿ ಮಾಡಿಯೂ ಅಂಕಿ ಕದಲದಿದ್ದರೆ ಮೂಳೆತಜ್ಞರನ್ನು ಕಾಣಬೇಕು.

ಅಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದಿನ ಮಾತು ಬರಬಹುದು. ಅದು ಕೆಲವು ವಾರ ಚೆನ್ನಾಗಿ ನೋವು ತಗ್ಗಿಸುತ್ತದೆ, ಹಿತ ಹೆಚ್ಚು ಕಾಲ ನಿಲ್ಲುವುದಿಲ್ಲ; ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬು ಕರಗುವ ಅಪಾಯವಿದೆ. ಮದುವೆ ಮನೆಯ ಓಡಾಟ, ತೀರ್ಥಯಾತ್ರೆಯಂಥ ತುರ್ತಿಗೆ ಚುಚ್ಚಿಸಿಕೊಂಡು, ನೋವಿಲ್ಲವೆಂದು ಮೈಮರೆತು ನಡೆಯುವುದು ಇನ್ನೂ ಕೆಟ್ಟದ್ದು. ಬಹುಕಾಲದ ನೋವಿಗೆ ಆಘಾತ ತರಂಗಗಳ ಚಿಕಿತ್ಸೆ, ಅಂದರೆ ಹೊರಗಿನಿಂದ ಯಂತ್ರದ ಮೂಲಕ ನೋಯುವ ಜಾಗಕ್ಕೆ ಒತ್ತಡದ ಅಲೆಗಳನ್ನು ಹಾಯಿಸುವ ಕ್ರಮ, ಇದೆ. ಶಸ್ತ್ರಚಿಕಿತ್ಸೆಯ ಅಗತ್ಯ ಬೀಳುವುದು ಕೆಲವೇ ಜನರಿಗೆ, ಅದೂ ಆರರಿಂದ ಹನ್ನೆರಡು ತಿಂಗಳ ಎಲ್ಲ ಪ್ರಯತ್ನಗಳ ಬಳಿಕ.

ವೈದ್ಯರ ಬಳಿ ಹೋಗುವಾಗ ಹೊಸ ಶೂ ತೊಟ್ಟು ಹೋಗಬೇಡಿ. ದಿನವೂ ಬಳಸುವ ಹಳೆಯ ಚಪ್ಪಲಿಯನ್ನು, ಅಡುಗೆಮನೆಯದನ್ನೂ ಸೇರಿಸಿ, ಚೀಲದಲ್ಲಿ ಒಯ್ಯಿರಿ; ಅಟ್ಟೆ ಎಲ್ಲಿ ಸವೆದಿದೆ, ಹಿಮ್ಮಡಿ ಯಾವ ಕಡೆಗೆ ಒರಗಿದೆ ಎಂಬುದರಿಂದ ಪಾದದ ಮೇಲೆ ಭಾರ ಹೇಗೆ ಬೀಳುತ್ತಿದೆಯೆಂದು ಅವರಿಗೆ ಅಂದಾಜಾಗುತ್ತದೆ. ಬೆಳಗಿನ ಅಂಕಿಗಳನ್ನು ಬರೆದ ಕ್ಯಾಲೆಂಡರಿನ ಹಾಳೆಯೂ ಜೊತೆಗಿರಲಿ, ಸೇವಿಸುತ್ತಿರುವ ಮಾತ್ರೆಗಳ ಚೀಟಿಯೂ ಇರಲಿ.